ಹದಿನೇಳರ ಲೆಕ್ಕ

ಬಂದರು ಬಂದ್ ಆದ ಎರಡು ತಿಂಗಳು
ಬಲೆ ಹೊಲಿಯುವುದು ಬಿಟ್ಟು ನನಗೆ ಸಿಕ್ಕ ಕೆಲಸ:
ಕಡವಾಡದಲ್ಲಿ, ಎಸ್ಪೆರಾನ್ಸಾಬಾಯಿಯ ಕೊಟ್ಟಿಗೆಯಲ್ಲಿ,
ಹಂದಿಗೆ ಹಾಕಿದ್ದನ್ನು ತೂಗುವುದು,
ಹಂದಿ ಹಾಕಿದ್ದನ್ನೂ ತೂಗುವುದು.

ಬೈತಖೋಲದಲ್ಲಿ ಯಾರಿಗೂ ಹೇಳಿಲ್ಲ.
ಮನೆಯಲ್ಲಿ ಹೇಳಿದ್ದು, 'ಸರ್ಕಾರಿ ತಕ್ಕಡಿ ಕೆಲಸ.'
ಮೀಯದೆ ಒಳಗೆ ಬರಬೇಡ ಎಂದಳು ಹೆಂಡತಿ,
ಹುಟ್ಟಿದಾಗಿನಿಂದ ಮೀನಿನ ನಾತಕ್ಕೆ ಮೂಗು ಮುರಿಯದವಳು.

ಡಾಕ್ಟರ್ ಹೇಮಲತಾ ಕುಲಗೋಡ ಕಲಿಸಿದರು:
ಹಾಲೂಡುವ ತಾಯಿಗೆ ಇಷ್ಟು ಜೋಳ, ಇಷ್ಟು ತೌಡು,
ಇಷ್ಟು ಶೇಂಗಾ ಹಿಂಡಿ, ಬೊಗಸೆ ಮೀನಿನ ಪುಡಿ.
ಮೂಸಿದೆ. ತಾರ್ಲೆ.
ಮಾರ್ಚಿನಲ್ಲಿ ನಾವೇ ಹಿಡಿದದ್ದಿರಬಹುದು,
ಮಂಜುಗಡ್ಡೆಯ ದುಡ್ಡೂ ಹುಟ್ಟದೆ ಮಿಲ್ಲಿಗೆ ಸುರಿದದ್ದು.
ಮೇಲೆ ಚಿಟಿಕೆ ಹಸಿರು ಪುಡಿ.
ಅದು ಕರುಳಿಗೆ ಹತ್ತುವುದಿಲ್ಲ, ರಕ್ತಕ್ಕೆ ಸೇರುವುದಿಲ್ಲ,
ಯಾವ ಸ್ಟಾಪಿನಲ್ಲೂ ಇಳಿಯದ ಪ್ಯಾಸೆಂಜರು.
ಮಿಕ್ಕವರು ಎಷ್ಟು ಇಳಿದರೆಂದು ಅವನನ್ನು ನೋಡಿಯೇ ಎಣಿಸಬೇಕು.
ಲದ್ದಿ ಕಡುಹಸಿರಾದಷ್ಟೂ ಪಚನ ಚೆಂದ.

ನಾಲ್ಕು ತಾಯಿ, ನಾಲ್ಕು ನಂಬರು.
ಹದಿನೇಳಕ್ಕೆ ಮಾತ್ರ ಹೆಸರೂ ಇತ್ತು: ದೋನಾ.
ಒಂಬತ್ತು ಮರಿ, ಒಂದೊಂದಕ್ಕೂ ಅದರದೇ ಮೊಲೆ,
ದೋಣಿಗೆ ಅದರದೇ ಗೂಟ ಇರುವ ಹಾಗೆ.
ತಾಸಿಗೊಮ್ಮೆ ಅವಳು ಗಂಟಲೊಳಗೇ ಗುರುಗುಡುತ್ತಾಳೆ,
ದನಿ ಬಿರುಸಾಯಿತೋ ಹಾಲು ಇಳಿಯಿತು,
ಇಪ್ಪತ್ತು ಎಣಿಸುವುದರೊಳಗೆ ಮುಗಿಯಿತು.
ಅಷ್ಟಕ್ಕೆ ಒಂಬತ್ತು ಮೂತಿಗಳ ಯುದ್ಧ.

ಮಳೆ ಇನ್ನೂ ಹಿಡಿದಿರಲಿಲ್ಲ. ಸೆಕೆಗೆ ತಗಡು ಟಕ್ಕೆನ್ನುತ್ತಿತ್ತು.
ಕಾಳಿಯ ಉಬ್ಬರ ಬಾವಿಗೆ ಉಪ್ಪು ಬೆರೆಸಿತ್ತು.
ನೀರು ಕುಡಿಯದವಳು ಹಿಟ್ಟನ್ನೂ ಮುಟ್ಟಲಿಲ್ಲ.
ಆರು ಕಿಲೋ ಹಾಕಿದೆ, ಮೂರು ಉಳಿಯಿತು, ಬರೆದೆ.
ಹಾಲು ನಿಲ್ಲಲಿಲ್ಲ.
'ಎಲ್ಲಿಂದ ಬರ್ತದೆ?' ಎಂದೆ.
ಎಸ್ಪೆರಾನ್ಸಾಬಾಯಿ ನನ್ನ ಕೈ ಹಿಡಿದು ಅವಳ ಬೆನ್ನಿಗೆ ಒತ್ತಿದಳು:
'ಇಲ್ಲಿಂದ, ಪುರ್ಸೊ.'
ಇಳಿತಕ್ಕೆ ಬಯಲಾಗುವ ಬಂಡೆಸಾಲು.

ನನ್ನ ಪುಸ್ತಕದಲ್ಲಿ ಎರಡೇ ಕಾಲಂ, ಒಳಗೆ, ಹೊರಗೆ.
ಬೆನ್ನಿಗೆ ಕಾಲಂ ಇರಲಿಲ್ಲ.

ಹತ್ತನೇ ದಿನ ಹದಿನೇಳರ ಲದ್ದಿ ತಿಳಿಹಸಿರು.
ಹನ್ನೊಂದಕ್ಕೆ ಇನ್ನೂ ತಿಳಿ, ಬಾಳೆಯ ಸುಳಿಯಷ್ಟು.
ಲೆಕ್ಕದ ಪ್ರಕಾರ ಪಚನ ಕೆಟ್ಟಿದೆ.
ಬೆನ್ನಿನ ಬಂಡೆಗಳು ಮಾತ್ರ ಮುಳುಗುತ್ತಿವೆ.

ಅಲ್ಲೇ ಮಲಗಿದವನಿಗೆ ಮೂರೂವರೆಗೆ ಎಚ್ಚರ, ತಂಪು ಹೊತ್ತು.
ತಪೇಲಿ ಕಲ್ಲಿಗೆ ತಾಗಿದ ಸದ್ದು. ಬೆಲ್ಲದ ವಾಸನೆ.
ಆಮೇಲೆ ಸೊರಸೊರ, ಸೊರಸೊರ,
ಅರ್ಧ ಬೈಗುಳದಲ್ಲಿ ಅರ್ಧ ಜಪದಲ್ಲಿ ಒಂದು ಕೊಂಕಣಿ ದನಿ:
'ಖಾ ಗೊ, ಖಾ.'
ನಾನು ಮಗ್ಗುಲು ಬದಲಿಸಿದೆ.
ತಕ್ಕಡಿಯವನಿಗೆ ಕತ್ತಲೆಯಲ್ಲಿ ಕಣ್ಣಿಲ್ಲ.

ಹಸಿರಿಗೆ ಬಾಯಿದೆ.
ಡಾಕ್ಟರು ಡಬ್ಬಿಗಳನ್ನು ಬಿಸಿಲಿಗೆ ಸಾಲಾಗಿ ಇಟ್ಟರು.
ಹದಿನಾಲ್ಕು, ಹದಿನೈದು, ಹದಿನಾರು ಕಡು.
ಹದಿನೇಳು ಬಿಳಿಚಿದ್ದು.
ನನ್ನ ಮುಖ ನೋಡಲಿಲ್ಲ, ಪುಣ್ಯ.
ಕೆಂಪು ಪೆನ್ನಿನಿಂದ ಹದಿಮೂರು ದಿನದ ನನ್ನ ಅಕ್ಷರಗಳ ಮೇಲೆ
ಒಂದೇ ಗೀಟು ಎಳೆದರು.
ಆಮೇಲೆ ದೋಣಿಮರಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು
ದೋನಾಳ ಬೆನ್ನ ಮೇಲೆ ಅಂಗೈ ಊರಿ,
ಬಹಳ ಹೊತ್ತು ಬಿಟ್ಟು,
'ಗಂಜಿಗೆ ಯಾವ ಅಕ್ಕಿ?' ಎಂದರು.

ಎಸ್ಪೆರಾನ್ಸಾಬಾಯಿ ಸೊಂಟದ ಕೊಡ ಇಳಿಸದೆಯೇ ಹೇಳಿದಳು:
'ಉಕಡೆ. ರೇಶನ್ನಿಂದು.
ನೀರು ಮಾತ್ರ ನಮ್ಮ ಬಾವಿದಲ್ಲ,
ಇಗರ್ಜಿ ಹಿಂದಿನದು, ದಿನಾ ಆರು ಕೊಡ.'

ಅಕ್ಕಿಗೆ ತಲೆಯಾಡಿಸುತ್ತಿದ್ದ ಡಾಕ್ಟರು
ನೀರು ಎಂದಾಗ ತಲೆಯೆತ್ತಿದರು.